ಅರ್ಜಿಯೂ ಏರೋಪ್ಲೇನೂ

ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಬೇರೆ ಯಾವ ಲಾಭವಾಗುತ್ತದೆಯೋ ಇಲ್ಲವೋ, ಬಡಾವಣೆಯಲ್ಲಿ ಒಂದು ಉದ್ಯೋಗವಂತೂ ಖಾಯಂ. ಅದು ಅರ್ಜಿ ಬರೆಯುವ ಉದ್ಯೋಗ. ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ಬೀದಿದೀಪ ಉರಿಯದಿದ್ದರೆ ಅರ್ಜಿ, ಚರಂಡಿ ತುಂಬಿದರೆ ಅರ್ಜಿ, ನಾಯಿಗಳು ಹೆಚ್ಚಾದರೆ ಅರ್ಜಿ. "ಮೇಷ್ಟ್ರೇ, ವಿಷಯ ನಮ್ಮದು, ವಾಕ್ಯ ನಿಮ್ಮದು" ಎಂದು ಹೇಳಿ, ಕಾಫಿ ಕುಡಿದು ಎದ್ದುಹೋಗುತ್ತಾರೆ. ನಾನೂ 'ಸನ್ಮಾನ್ಯರ ಸನ್ನಿಧಿಗೆ' ಎಂದು ತೊಡಗಿ, 'ತಮ್ಮ ವಿಶ್ವಾಸಿಗಳು' ಎಂದು ಮುಗಿಸಿ, ನಡುವೆ ಎರಡು ಗಾದೆಗಳನ್ನು ಸೇರಿಸಿ ಕೊಟ್ಟುಬಿಡುತ್ತೇನೆ. ಇಷ್ಟು ವರ್ಷಗಳ ಈ ಸೇವೆಯಲ್ಲಿ ಒಂದೇ ಒಂದು ಅರ್ಜಿ ನನ್ನನ್ನು ಸೋಲಿಸಿತು. ಅದು ಏರೋಪ್ಲೇನಿನ ಮೇಲೆ ಬರೆಯಬೇಕಾಗಿದ್ದ ಅರ್ಜಿ.

ನಾವಿರುವುದು ಬೆಂಗಳೂರಿನ ಉತ್ತರಕ್ಕೆ, ಜಕ್ಕೂರಿನ ವಿಮಾನ ಮೈದಾನದ ಪೂರ್ವ ದಿಕ್ಕಿಗೆ. ವಿಮಾನ ನಿಲ್ದಾಣವೆಂದೊಡನೆ ಓದುಗರು ದೇವನಹಳ್ಳಿಯದನ್ನು ನೆನೆಯಬೇಕಾಗಿಲ್ಲ. ಇದು ಚಿಕ್ಕದು. ಮೈಸೂರು ಮಹಾರಾಜರು ಕೊಟ್ಟ ಇನ್ನೂರಕ್ಕೂ ಹೆಚ್ಚು ಎಕರೆ ನೆಲದಲ್ಲಿ, 1940ರ ದಶಕದ ಕೊನೆಗೆ, ವಿಮಾನ ನಡೆಸುವ ವಿದ್ಯೆಯನ್ನು ಕಲಿಸಲೆಂದು ಹುಟ್ಟಿದ್ದು. ಇಲ್ಲಿ ಹಾರುವುವು ಕೆಲವೇ ಮಂದಿ ಕೂರುವ, ಮುಂದೆ ಪಂಖವುಳ್ಳ ಪುಟ್ಟ ವಿಮಾನಗಳು. ತರಬೇತಿ ಕೆಲವು ಕಾಲ ನಡೆದು, ಕೆಲವು ಕಾಲ ನಿಂತು, ಮತ್ತೆ ಮೊದಲಾಗಿ ಹೀಗೆ ಸಾಗಿಬಂದಿದೆ. ಅದು ಹುಟ್ಟಿದಾಗ ಸುತ್ತ ಇದ್ದದ್ದು ರಾಗಿಯ ಹೊಲ, ತೋಟ, ಒಂದು ದೊಡ್ಡ ಕೆರೆ. ನಾವು ಬಂದದ್ದು ಅರವತ್ತು ವರ್ಷ ತಡವಾಗಿ.

ಬಂದದ್ದಾದರೂ ಹೇಗೆ? ಸೈಟು ಮಾರಿದ ಮಹಾಶಯರು ನಮ್ಮನ್ನು ಕರೆದುಕೊಂಡು ಬಂದದ್ದು ಒಂದು ಭಾನುವಾರ, ಉರಿಬಿಸಿಲಿನ ಮಧ್ಯಾಹ್ನ. ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ. "ಸಾರ್, ಎದುರಿಗೆ ಇನ್ನೂರು ಎಕರೆ ಬಯಲು. ಯಾರೂ ಮನೆ ಕಟ್ಟುವ ಹಾಗಿಲ್ಲ. ಜೀವಮಾನವೆಲ್ಲ ಗಾಳಿ, ಬೆಳಕು" ಎಂದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ಗೃಹಪ್ರವೇಶದ ಮರುದಿನ ಬೆಳಗ್ಗೆ ಹೆಂಚು ನಡುಗಿಸುವಂತೆ ತಲೆಯ ಮೇಲೆ ಹಾದುಹೋಯಿತು.

ಆ ಸದ್ದಿನ ಗುಣ ಬೇರೆ. ದೊಡ್ಡ ವಿಮಾನ ಒಮ್ಮೆ ಗುಡುಗಿ ಹೋಗಿಬಿಡುತ್ತದೆ. ಇದು ಹೋದದ್ದು ಮತ್ತೆ ಬರುತ್ತದೆ. ಐದಾರು ನಿಮಿಷ ಕಳೆಯುವುದರೊಳಗೆ ಅದೇ ಡರ್ರೆಂಬ ಧ್ವನಿ. ಹೋಯಿತು ಎಂಬ ಸಮಾಧಾನ ಬರುವಷ್ಟರಲ್ಲಿ ಇಗೋ ಬಂತು ಎಂಬ ನಿರೀಕ್ಷೆ. ಎದುರುಮನೆಯ ಹಸುಗೂಸು ನಿದ್ದೆಗೆಟ್ಟು ಅಳುತ್ತಿತ್ತು. ನನ್ನ ತಾಯಿ ಮಲೆನಾಡಿನ ಗುಡುಗಿಗೆ ಅಂಜದೆ ಬೆಳೆದವರು. ಮೊದಮೊದಲು ಮೊಮ್ಮಗನ ಕೈಹಿಡಿದು ಅಂಗಳಕ್ಕೆ ಓಡಿ ವಿಮಾನ ತೋರಿಸುತ್ತಿದ್ದರು. ಹೃದಯದ ಕಾಯಿಲೆ ಬಂದಮೇಲೆ ಹಾಗಾಗಲಿಲ್ಲ. ಸದ್ದು ಹತ್ತಿರವಾದಂತೆ ಅವರ ಕೈಯ ಕಾಫಿಯ ಲೋಟ ಸಣ್ಣಗೆ ನಡುಗುವುದನ್ನು ನಾನು ಕಾಣುತ್ತಿದ್ದೆ. ತರಗತಿಯಲ್ಲಿ ಪುಷ್ಪಕ ವಿಮಾನದ ವರ್ಣನೆಯನ್ನು ಎಷ್ಟೋ ಸಲ ಸವಿದು ಪಾಠ ಹೇಳಿದ್ದೇನೆ. ಅದು ಯಾರ ಮನೆಯ ಸೂರಿನ ಮೇಲೆ ಹಾದುಹೋಯಿತು, ಅಲ್ಲಿ ಮಲಗಿದ್ದವರು ಬೆಚ್ಚಿದರೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

2019ರ ಫೆಬ್ರವರಿ 19ರಂದು ಪಕ್ಕದ ಯಲಹಂಕದಲ್ಲಿ, ಏರೋ ಇಂಡಿಯಾ ಪ್ರದರ್ಶನದ ಹಿಂದಿನ ದಿನ, ಅಭ್ಯಾಸ ಮಾಡುತ್ತಿದ್ದ ಸೂರ್ಯಕಿರಣ ತಂಡದ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದುವು. ಒಬ್ಬ ಪೈಲಟರು ತೀರಿಹೋದರು. ಹೊಗೆಯನ್ನು ನಮ್ಮವರು ಮಹಡಿಯಿಂದ ಕಂಡರು. ಅದು ವಾಯುಪಡೆಯ ಜೆಟ್ಟು, ನಮ್ಮ ನೆರೆಯದು ಪುಟ್ಟ ಹಕ್ಕಿ ಎಂಬ ವಿವೇಚನೆಗೆ ಭಯದಲ್ಲಿ ಎಡೆಯೆಲ್ಲಿ? ಮಾರ್ಚಿಯ ಮೊದಲ ಭಾನುವಾರ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರ ವರಾಂಡದಲ್ಲಿ ಸಭೆ ಸೇರಿತು. 1990ರಲ್ಲಿ ಹಳೆಯ ವಿಮಾನ ನಿಲ್ದಾಣದ ಬಳಿ ಇಳಿಯಬೇಕಾಗಿದ್ದ ಏರ್‌ಬಸ್ಸು ನೆಲಕ್ಕಪ್ಪಳಿಸಿ 92 ಮಂದಿ ಸತ್ತದ್ದನ್ನು ಹಿರಿಯರೊಬ್ಬರು ನೆನಪಿಸಿದರು. ಇನ್ನೊಬ್ಬರು ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳನ್ನೇ ಓದಿದರು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ತಾಯಿಯ ನಡುಗುವ ಕೈಯನ್ನು ನೆನೆದು ಆ ರಾತ್ರಿಯೇ ಬರೆದೆ. ಮೂರು ಪುಟ. ಮೈದಾನವನ್ನು ಊರಾಚೆಗೆ ಸಾಗಿಸಬೇಕೆಂದು ತಾತ್ಪರ್ಯ. ನಲವತ್ತಮೂರು ಸಹಿಗಳು ಬಿದ್ದುವು. ಅಷ್ಟರಲ್ಲಿ ಪರೀಕ್ಷೆ, ಬೇಸಿಗೆಯ ರಜ. ಅರ್ಧ ಬಡಾವಣೆ ಊರಿಗೆ ಹೊರಟಿತು. ಅರ್ಜಿ ನನ್ನ ಮೇಜಿನಲ್ಲಿ ಉಳಿಯಿತು.

ಜಕ್ಕೂರು ಕೆರೆಯ ಏರಿಯ ಮೇಲೆ ನಾನು ಬೆಳಗ್ಗೆ ಅಡ್ಡಾಡುವುದುಂಟು. ಅಲ್ಲಿ ಪರಿಚಯವಾದವರಲ್ಲಿ ಒಬ್ಬರು ಬಿಳಿಮೀಸೆಯ ಹಿರಿಯರು. ಹಿಂದೆ ಎಲ್ಲೆಲ್ಲೋ ಹುಡುಗರಿಗೆ ವಿಮಾನ ಹಾರಿಸಲು ಕಲಿಸಿದವರು. ನನ್ನ ಅರ್ಜಿಯ ಪ್ರಸ್ತಾಪ ಬಂದಾಗ ಅವರು ಸಿಟ್ಟಾಗಲಿಲ್ಲ.

"ಅದೇ ಹಾದಿಯಲ್ಲಿ ಯಾಕೆ ಸುತ್ತುತ್ತಾರೆ ಗೊತ್ತೆ, ಮೇಷ್ಟ್ರೇ? ಹಾರುವುದು ಕಷ್ಟವಲ್ಲ. ಏರುವುದು, ಇಳಿಯುವುದು ಕಷ್ಟ. ಏರಿ, ಸಾವಿರ ಅಡಿಗೆ ಹೋಗಿ, ಮೈದಾನವನ್ನು ಪ್ರದಕ್ಷಿಣೆ ಹಾಕಿ ಇಳಿದು, ಚಕ್ರ ನೆಲಕ್ಕೆ ತಾಗಿದ ಕೂಡಲೆ ಮತ್ತೆ ಏರಬೇಕು. ವೃತ್ತಿಯ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ನೀವು ಹಳಗನ್ನಡದ ಪದ್ಯವನ್ನು ಹುಡುಗನ ಬಾಯಲ್ಲಿ ಹತ್ತು ಸಲ ಓದಿಸುವುದಿಲ್ಲವೆ?"

ಓದಿಸುತ್ತೇನೆ, ಆದರೆ ಅದು ಪಕ್ಕದ ಬೀದಿಗೆ ಕೇಳಿಸುವುದಿಲ್ಲ ಎಂದೆ. ಅವರು ನಕ್ಕರು. ಗಾಳಿಗೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ಇಲ್ಲಿಯ ಓಡುಪಟ್ಟಿ ಪೂರ್ವಪಶ್ಚಿಮವಾಗಿದೆ. ಮೂಡಣಗಾಳಿಯ ಚಳಿಗಾಲದಲ್ಲಿ ಎಂಜಿನಿನ ಪೂರ್ತಿ ಬಲ ಹಾಕಿ ನಮ್ಮ ಮೇಲೆಯೇ ಏರುತ್ತಾರೆ. ಪಡುವಣಗಾಳಿಯ ಮಳೆಗಾಲದಲ್ಲಿ ನಮ್ಮ ಮೇಲಿಂದ ಇಳಿಯುತ್ತಾರೆ, ಆಗ ಸದ್ದು ಕಡಮೆ ಎಂದು ವಿವರಿಸಿದರು. ಮಕ್ಕಳ ಮದುವೆಗೆ ಆಗದ ಆಷಾಢ ನಮ್ಮ ಕಿವಿಗೆ ಯಾಕೆ ಹಿತವಾಗಿತ್ತೆಂದು ನನಗೆ ಆಗ ತಿಳಿಯಿತು.

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನನ್ನು ಕೆಣಕಿತು: "ನಿಮ್ಮ ಅರ್ಜಿಯಲ್ಲಿ ಹದ್ದಿನ ವಿಷಯ ಇದೆಯೆ?"

ನಮ್ಮ ಬೀದಿಯ ಕೊನೆಯಲ್ಲಿ ಕೋಳಿಯ ಪುಕ್ಕ, ಕರುಳು, ಎಂಜಲೆಲೆ ಎಲ್ಲ ಬೀಳುವ ಒಂದು ಗುಡ್ಡೆಯಿದೆ. ಅದರ ಮೇಲೆ ಸದಾ ಹದ್ದುಗಳ ಗಿರಕಿ. ಪುಟ್ಟ ವಿಮಾನಕ್ಕೆ ಒಂದು ಹದ್ದು ಬಡಿದರೆ ಸಾಕು. ಮೈದಾನದ ಸುತ್ತ ಹತ್ತು ಕಿಲೋಮೀಟರ್ ದೂರದೊಳಗೆ ಹೀಗೆ ಕಸ ಸುರಿಯಬಾರದೆಂದು 1937ರ ವಿಮಾನ ನಿಯಮಗಳಲ್ಲೇ ಬರೆದಿತ್ತಂತೆ. ಕಟ್ಟಡದ ಎತ್ತರಕ್ಕೂ ಅಂಕೆಯುಂಟು. 2015ರ ನಿಯಮಗಳು ಅದನ್ನು ಸ್ಪಷ್ಟವಾಗಿ ಹೇಳುತ್ತವೆ. ಬಳ್ಳಾರಿ ರಸ್ತೆಯ ಮೇಲೆ ಎತ್ತರದ ಸೇತುರಸ್ತೆ ಎದ್ದಮೇಲೆ ಓಡುಪಟ್ಟಿಯ ಪಶ್ಚಿಮದ ಒಂದು ಭಾಗವೇ ಉಪಯೋಗಕ್ಕೆ ಬಾರದಂತಾಯಿತು. "ದೊಡ್ಡ ನಿಲ್ದಾಣಕ್ಕೆ ಹೋಗುವವರ ಅನುಕೂಲಕ್ಕೆ ಚಿಕ್ಕ ನಿಲ್ದಾಣದ ದಾರಿ ಮೋಟಾಯಿತು, ನೋಡಿ. ಪಡುವಲಲ್ಲಿ ರಸ್ತೆ, ಮೂಡಲಲ್ಲಿ ನೀವು" ಎಂದರು.

ಮನೆಗೆ ಬಂದು ತಲೆಯೆತ್ತಿ ನೋಡಿದೆ. ಸಭೆ ಸೇರಿದ್ದ ವರಾಂಡದ ಮೇಲೆ ಮೂರು ಅಂತಸ್ತು, ಅದರ ಮೇಲೆ ನೀರಿನ ಟ್ಯಾಂಕು, ಅದರ ಪಕ್ಕದಲ್ಲಿ ಬಾಡಿಗೆಗೆ ನಿಂತ ಮೊಬೈಲ್ ಗೋಪುರ. ನಮ್ಮ ಮನೆಯ ಮೇಲೂ ಒಂದು ಕೋಣೆ ಕಟ್ಟಿಸುವ ನಕ್ಷೆ ನನ್ನ ಪೆಟ್ಟಿಗೆಯಲ್ಲಿತ್ತು. ಎತ್ತರದ ಅನುಮತಿ ಎಂಬ ಮಾತು ನಮ್ಮಲ್ಲಿ ಯಾರ ನಾಲಗೆಯ ಮೇಲೂ ಬಂದಿರಲಿಲ್ಲ.

ಆದರೂ ಹೊಸ ಅರ್ಜಿ ಬರೆಯುವ ಮನಸ್ಸಾದದ್ದು ಆ ಮಾತಿನಿಂದಲ್ಲ. ಜೂನ್ ತಿಂಗಳ ಒಂದು ಸಂಜೆ. ಗಾಳಿ ಪಡುವಣಕ್ಕೆ ತಿರುಗಿತ್ತು. ನನ್ನಾಕೆ ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಳು, ತಾಯಿ ಅಂಗಳದ ಕುರ್ಚಿಯಲ್ಲಿದ್ದರು. ವಿಮಾನವೊಂದು ಇಳಿಯುವುದಕ್ಕೆ ನಮ್ಮತ್ತ ತಿರುಗಿತು. ಇಳಿಯುವಾಗಲೂ ಒಂದಿಷ್ಟು ಗುರುಗುಟ್ಟುವ ಸದ್ದಿರುತ್ತದೆ. ಅಂದು ಅದೂ ಫಕ್ಕನೆ ಅಡಗಿತು. ಕಿವಿ ಒಗ್ಗಿಹೋದ ಧ್ವನಿ ಇಲ್ಲವಾದಾಗ ಆಗುವ ದಿಗಿಲು ಹೇಳತೀರದು. ಬೀದಿಯ ಬಾಗಿಲುಗಳೆಲ್ಲ ತೆರೆದುವು. ಸದ್ದು ಬೇಡವೆಂದು ಸಹಿ ಹಾಕಿದವರೆಲ್ಲ ಉಸಿರು ಬಿಗಿಹಿಡಿದು, ಸದ್ದು ಬರಲೆಂದು ಕಾಯುತ್ತ ನಿಂತರು. ಬಿಳಿಯ ವಿಮಾನ ನಿಶ್ಶಬ್ದವಾಗಿ, ಗಾಳಿಪಟದಂತೆ ಜಾರುತ್ತ ತಲೆಯ ಮೇಲೆ ಹೋಯಿತು. ತಾಯಿ ಎರಡು ಕೈಯನ್ನೂ ಎದೆಗೊತ್ತಿಕೊಂಡು, "ಯಾರ ಮನೆ ಮಗುವೋ, ಸ್ವಾಮಿ, ಇಳಿಸಪ್ಪ" ಎಂದರು.

ಅರ್ಧ ನಿಮಿಷದ ಮೇಲೆ ಮೈದಾನದ ಕಡೆಯಿಂದ ಎಂಜಿನು ಮತ್ತೆ ಗರ್ಜಿಸಿತು. ಆ ಸದ್ದಿಗೆ ನಮ್ಮ ಬೀದಿ ನಕ್ಕದ್ದು ಅದೇ ಮೊದಲು.

ಮರುದಿನ ಏರಿಯ ಮೇಲೆ ಹಿರಿಯರು ಹೇಳಿದರು: "ಅದೂ ಪಾಠವೇ. ಎಂಜಿನು ಕೈಕೊಟ್ಟರೆ ತೇಲಿಕೊಂಡು ಪಟ್ಟಿಗೆ ಮುಟ್ಟುವ ಅಭ್ಯಾಸ. ನಿಜವಾಗಿ ಕೈಕೊಟ್ಟು, ಪಟ್ಟಿ ಎಟುಕದೆ ಹೋದರೆ ಖಾಲಿ ಹೊಲ ನೋಡಿ ಇಳಿಸಬೇಕು. ಹಿಂದೆ ಇಲ್ಲಿ ಹೊಲಗಳಿದ್ದುವು. ಈಗ ನೀವಿದ್ದೀರಿ."

ಆ ರಾತ್ರಿ ಮೂರು ಪುಟದ ಅರ್ಜಿಯನ್ನು ತೆಗೆದು ಓದಿದೆ. ನಮ್ಮ ನಿದ್ದೆ, ನಮ್ಮ ಮಕ್ಕಳು, ನಮ್ಮ ಸೂರು ಎಲ್ಲವೂ ಅಲ್ಲಿದ್ದುವು. ಮೇಲೆ ಕುಳಿತ, ನನ್ನ ತರಗತಿಯ ಹುಡುಗರ ವಯಸ್ಸಿನವನು ಎಲ್ಲಿಯೂ ಇರಲಿಲ್ಲ. ಅವನು ಕೆಡದೆ ನಾವು ಕೆಡುವಂತಿಲ್ಲ, ಅವನು ಉಳಿಯದೆ ನಾವು ಉಳಿಯುವಂತಿಲ್ಲ ಎಂಬ ಸಾಮಾನ್ಯ ಲೆಕ್ಕ ನನಗೆ ಹೊಳೆದಿರಲಿಲ್ಲ. ಹಾಗೆಂದು ನಮ್ಮ ನೋವು ಸುಳ್ಳೆ? ತಾಯಿಯ ಕೈ ನಡುಗುತ್ತಿದ್ದುದು ನಿಜ. ಮೈದಾನ ಮೊದಲು ಬಂತು ಎಂದಮಾತ್ರಕ್ಕೆ ಹಸುಗೂಸಿನ ನಿದ್ದೆ ಹಕ್ಕಲ್ಲವೆಂದಾಗುವುದಿಲ್ಲ.

ಗಾದೆಗಳನ್ನು ಬಿಟ್ಟು, ಒಂದೇ ಹಾಳೆಯಲ್ಲಿ ಎರಡು ಅಂಕಣ ಮಾಡಿ ಬರೆದೆ. ಎಡಗಡೆ ನಾವು ಬೇಡುವುದು: ಬೆಳಗ್ಗೆ ಏಳಕ್ಕೆ ಮುಂಚೆ ಹಾರಾಟ ಬೇಡ, ಭಾನುವಾರ ಪ್ರದಕ್ಷಿಣೆಯ ಪಾಠಕ್ಕೆ ಬಿಡುವಿರಲಿ, ಹಾರುವ ವೇಳೆಯನ್ನು ಮೊದಲೇ ತಿಳಿಸಲಿ, ಕಟ್ಟಡದ ಎತ್ತರದ ನಕ್ಷೆಯನ್ನು ಕನ್ನಡದಲ್ಲಿ ಅಚ್ಚುಹಾಕಿ ಎಲ್ಲರಿಗೂ ಕಾಣುವಂತೆ ತೂಗುಹಾಕಲಿ. ಬಲಗಡೆ ನಾವು ಮಾಡುವುದು: ಕಸದ ಗುಡ್ಡೆ ತೆಗೆಸುತ್ತೇವೆ, ಅನುಮತಿಯಿಲ್ಲದೆ ಮೇಲೆ ಕಟ್ಟುವುದಿಲ್ಲ, ಗೋಪುರಕ್ಕೆ ಕೆಂಪು ದೀಪ ಹಾಕಿಸುತ್ತೇವೆ, ಮದುವೆಮುಂಜಿಗಳಲ್ಲಿ ಲೇಸರ್ ಬೆಳಕನ್ನು ಆಕಾಶಕ್ಕೆ ಬಿಡುವುದಿಲ್ಲ.

ಎಡಗಡೆಯನ್ನು ಓದುವಾಗ ಎಲ್ಲರೂ ತಲೆದೂಗಿದರು. ಬಲಗಡೆಗೆ ಬಂದಾಗ ಒಬ್ಬರಿಗೆ ಕನ್ನಡಕ ಮರೆತುಹೋಗಿತ್ತು, ಇನ್ನೊಬ್ಬರಿಗೆ ಒಲೆಯ ಮೇಲೆ ಹಾಲಿತ್ತು. ನಿವೃತ್ತ ಮ್ಯಾನೇಜರು, "ಮೇಷ್ಟ್ರೇ, ನೀವು ಯಾರ ಪರ?" ಎಂದು ಕೇಳಿ ಒಳಗೆ ಹೋದರು. ನಲವತ್ತಮೂರರಲ್ಲಿ ಉಳಿದ ಸಹಿ ಹನ್ನೊಂದು. ಹನ್ನೊಂದನೆಯದು ನನ್ನಾಕೆಯದು. "ಹಾಗಾದರೆ ಮೇಲಿನ ಕೋಣೆ?" ಎಂದು ಕೇಳಿ, ನನ್ನ ಮುಖ ನೋಡಿ, ನಿಟ್ಟುಸಿರಿಟ್ಟು ಹಾಕಿದ ಸಹಿ. ಅರ್ಜಿಯನ್ನು ಕಚೇರಿಯಲ್ಲಿ ಕೊಟ್ಟೆವು, ಮೊಹರು ಬಿತ್ತು, ಉತ್ತರ ಬರಲಿಲ್ಲ. ಆದರೆ ಬಲಗಡೆಯ ಮೊದಲ ಸಾಲಿಗೆ ಯಾರ ಉತ್ತರವೂ ಬೇಕಾಗಿರಲಿಲ್ಲ. ಹನ್ನೊಂದು ಮಂದಿ ಸೇರಿ ಕಸದ ಗುಡ್ಡೆ ತೆಗೆಸಿ, ಅಲ್ಲಿ ನಾಲ್ಕು ಹೊಂಗೆಯ ಸಸಿ ನೆಟ್ಟೆವು. ಹದ್ದುಗಳು ಬೇರೆ ಬೀದಿ ನೋಡಿಕೊಂಡವು.

ತಾಯಿ 2022ರಲ್ಲಿ ತೀರಿಕೊಂಡರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರುತ್ತಿದ್ದ ವಿಮಾನ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಲಯದ ಮೇಲೆ ಬಿದ್ದು, ಒಳಗಿದ್ದ 241 ಮಂದಿಯೂ ನೆಲದ ಮೇಲಿದ್ದ 19 ಮಂದಿಯೂ ಸತ್ತರು. ಆ ಸುದ್ದಿಯನ್ನು ನೋಡುತ್ತ ಅನ್ನ ಸೇರದೆ ಕುಳಿತಿದ್ದಾಗ ಗೇಟಿನ ಸದ್ದಾಯಿತು. ನಿವೃತ್ತ ಮ್ಯಾನೇಜರು ಬಂದಿದ್ದರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ತಾಯಿ ಕೂರುತ್ತಿದ್ದ ಕುರ್ಚಿಯ ತುದಿಯಲ್ಲಿ ಕುಳಿತು, "ಆ ಎರಡು ಅಂಕಣದ ಅರ್ಜಿಯ ಪ್ರತಿ ಇದೆಯೆ?" ಎಂದರು.

ತಂದುಕೊಟ್ಟೆ. ಅವರು ಈ ಸಲ ಕನ್ನಡಕ ತಂದಿದ್ದರು. ಎಡಗಡೆಯನ್ನು ಬಿಟ್ಟು ಬಲಗಡೆಯನ್ನು ನಿಧಾನವಾಗಿ ಓದಿ ಕೇಳಿದರು:

"ಮೇಷ್ಟ್ರೇ, ಆ ಕೆಂಪು ದೀಪ ಎಲ್ಲಿ ಸಿಗುತ್ತದೆ?"