ಮೆರಿಮ್ಯಾಕ್ ದಂಡೆಯ ಕೊಳಲು

ಅಮೆರಿಕದ ಬಾಸ್ಟನ್ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಮೆರಿಮ್ಯಾಕ್ ನದಿಯ ದಂಡೆಯ ಮೇಲೆ ಲೋವೆಲ್ ಎಂಬ ಊರಿದೆ. 1820ರ ದಶಕದಿಂದ ಇಲ್ಲಿ ಎದ್ದುನಿಂತ ಕೆಂಪು ಇಟ್ಟಿಗೆಯ ಹತ್ತಿ ಗಿರಣಿಗಳು, ನದಿಯ ನೀರನ್ನು ಅವುಗಳಿಗೆ ತರುತ್ತಿದ್ದ ಕಾಲುವೆಗಳು ಈಗಲೂ ಇವೆ. ಐರಿಷರು, ಗ್ರೀಕರು, ಕೆನಡಾದ ಫ್ರೆಂಚರು ದುಡಿದ ಈ ಊರಿನಲ್ಲಿ ಇಂದು ಖ್ಮೇರ್ ಲಿಪಿಯ ಅಂಗಡಿ ಫಲಕಗಳೂ ಬೌದ್ಧ ವಿಹಾರಗಳೂ ಕಾಣುತ್ತವೆ. ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ಬಿಟ್ಟರೆ ಅಮೆರಿಕದಲ್ಲಿ ಕಾಂಬೋಡಿಯದವರು ಅತಿ ಹೆಚ್ಚು ನೆಲೆಸಿರುವುದು ಇಲ್ಲಿಯೇ.

ಪ್ರಾಣ ಕೈಯಲ್ಲಿ ಹಿಡಿದು ಬಂದವರು ಇವರು. 1975ರ ಏಪ್ರಿಲ್‌ನಿಂದ 1979ರ ಜನವರಿಯವರೆಗೆ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಸುಮಾರು 17 ಲಕ್ಷ ಜನ ಕೊಲೆ, ಹಸಿವು, ರೋಗಗಳಿಗೆ ಬಲಿಯಾದರು. ಉಳಿದು ಬಂದ ಎಷ್ಟೋ ತಂದೆತಾಯಿಗಳು ಮಕ್ಕಳ ಮುಂದೆ ಆ ಮಾತನ್ನೇ ಎತ್ತಲಿಲ್ಲ. ಹೇಳುವುದಾದರೂ ಹೇಗೆ? ಮನೆಯೊಳಗೆ ಮೌನ, ಹೊರಗೆ ಪರಭಾಷೆ. ನಡುವೆ ಸಿಕ್ಕಿಕೊಂಡ ಕೆಲವು ಹುಡುಗರು ಬೀದಿಯ ಗ್ಯಾಂಗುಗಳನ್ನು ಸೇರಿದರು.

ಅಂಥ ಹುಡುಗರ ಜೊತೆ ಕೆಲಸಕ್ಕೆ ನಿಂತವರು ಆರ್ನ್ ಚೋರ್ನ್-ಪಾಂಡ್. ಬಟ್ಟಂಬಾಂಗ್‌ನ ರಂಗಕಲಾವಿದರ ಮನೆತನದವರು. ಬಾಲಕನಾಗಿದ್ದಾಗ ಅವರನ್ನು ಒಯ್ದದ್ದು, ಬೌದ್ಧ ವಿಹಾರವೊಂದನ್ನೇ ಸೆರೆಮನೆ ಮಾಡಿದ್ದ ಶಿಬಿರಕ್ಕೆ. ಅಲ್ಲಿ ಕೊಳಲನ್ನೂ, ನಮ್ಮ ಸಂತೂರಿನಂಥ ‘ಖಿಮ್’ ವಾದ್ಯವನ್ನೂ ಕಲಿತು ಸೈನಿಕರಿಗೆ ನುಡಿಸಬೇಕಿತ್ತು. ಕೊಲೆಯ ಸದ್ದು ಹೊರಗೆ ಕೇಳದಿರಲೆಂದೂ ನುಡಿಸಬೇಕಿತ್ತು! ಆ ವಿದ್ಯೆಯೇ ಅವರ ಜೀವ ಉಳಿಸಿತು. ಮುಂದೆ ಕೈಗೆ ಬಂದೂಕು ಬಂತು. ಕಾಡು ಹೊಕ್ಕು, ಥಾಯ್ಲೆಂಡ್ ಸೇರಿದರು. ಪೀಟರ್ ಪಾಂಡ್ ಎಂಬ ಪಾದ್ರಿ 1980ರಲ್ಲಿ ಅವರನ್ನು ಅಮೆರಿಕಕ್ಕೆ ಕರೆತಂದು ಮಗನಂತೆ ಸಾಕಿದರು.

ಲೋವೆಲ್‌ನ ಹುಡುಗರ ಮುಂದೆ ಅವರು ಬಿಚ್ಚಿಟ್ಟದ್ದು ತಮ್ಮ ಕಥೆಯನ್ನೇ. ಕೊಳಲನ್ನೂ ನುಡಿಸಿದರು. ಸಾವಿನ ಪಕ್ಕದಲ್ಲಿ ಕಲಿತ ವಾದ್ಯವನ್ನು ಮತ್ತೆ ತುಟಿಗೆ ಹಿಡಿಯಲು ಎಂಥ ಎದೆಗಾರಿಕೆ ಬೇಕೋ! ಅವರು ಕಾಂಬೋಡಿಯಕ್ಕೂ ಮರಳಿ, ಅಳಿದುಳಿದ ಸಂಗೀತ ಗುರುಗಳನ್ನು ಹುಡುಕಿದರು. ಆ ದೇಶದ ಕಲಾವಿದರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಉಳಿಯಲಿಲ್ಲವೆಂಬ ಅಂದಾಜಿದೆ. ಶಿಬಿರದಲ್ಲಿ ತಮಗೆ ಕಲಿಸಿದ್ದ ಗುರುವೂ ಸಿಕ್ಕರು. ಉಳಿದ ಗುರುಗಳಿಂದ ಎಳೆಯರಿಗೆ ಪಾಠ ಹೇಳಿಸಲು 1998ರಲ್ಲಿ ಅವರು ಆರಂಭಿಸಿದ ಕೆಲಸವೇ ಈಗ ‘ಕಾಂಬೋಡಿಯನ್ ಲಿವಿಂಗ್ ಆರ್ಟ್ಸ್’ ಸಂಸ್ಥೆಯಾಗಿದೆ.

ಲೋವೆಲ್ ಕೂಡ ಬದಲಾಯಿತು. ಆಗಸ್ಟ್ ತಿಂಗಳ ಜಲೋತ್ಸವ 1997ರಲ್ಲಿ ಶುರುವಾಯಿತು. ಗಿರಣಿಗಳನ್ನು ತಿರುಗಿಸಿದ ನದಿಯಲ್ಲಿ ದೋಣಿ ಪಂದ್ಯ ನಡೆಯತೊಡಗಿತು. 2022ರ ಜನವರಿಯಲ್ಲಿ ಸೊಖಾರಿ ಚೌ ಊರಿನ ಮೇಯರ್ ಆದರು. ಅವರ ತಂದೆಯನ್ನು ಖ್ಮೇರ್ ರೂಜ್ ಕೊಂದಿತ್ತು. ತಾಯಿ ಏಳು ಮಕ್ಕಳನ್ನು ಬದುಕಿಸಿಕೊಂಡು ದೇಶ ದಾಟಿದ್ದರು.