ಖಾಲಾಳ ಜಮಾಬಂದಿ

ಶಿವರಾತ್ರಿ ಹತ್ತಿರ ಬಂತೆಂದರೆ ಆವನಿಯಲ್ಲಿ ದನಗಳ ಜಾತ್ರೆ. ನಮ್ಮ ಅಬ್ಬಾ ಒಂದು ವರ್ಷ ಎತ್ತು ಕೊಳ್ಳಲು, ಒಂದು ವರ್ಷ ಮಾರಲು, ಎರಡೂ ಇಲ್ಲದ ವರ್ಷ ಸುಮ್ಮನೆ ಹಲ್ಲು ನೋಡಿ ಬೆಲೆ ಹೇಳಲು ಅಲ್ಲಿಗೆ ಹೋಗುತ್ತಿದ್ದರು. ಅವರ ಜೊತೆ ಹೋದಾಗ ನಾನು ರಾಮಲಿಂಗೇಶ್ವರನ ಗುಡಿಯ ಕಲ್ಲುಗಳ ನಡುವೆ ಆಡಿಕೊಂಡಿರುತ್ತಿದ್ದೆ. ಹತ್ತನೆಯ ಶತಮಾನದಲ್ಲಿ ಅಲ್ಲಿನ ಮಠವನ್ನು 40 ವರ್ಷ ನಡೆಸಿದ ತ್ರಿಭುವನಕರ್ತಾರನೆಂಬ ಗುರು 50 ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆಯಂತೆ. ಇದನ್ನು ಓದಿದ್ದು ದೊಡ್ಡವನಾದ ಮೇಲೆ. ಓದಿದಾಗ ನನಗೆ ಹೊಳೆದದ್ದು ಒಂದೇ ಪ್ರಶ್ನೆ: ಮಣ್ಣು ಹೊತ್ತವರ ಕೂಲಿಯ ಲೆಕ್ಕ ಬರೆದವರು ಯಾರು? ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಲೆಕ್ಕ ಇಟ್ಟವರ ಹೆಸರು ಉಳಿಯುವುದಿಲ್ಲ.

ಹಾಗೆ ಲೆಕ್ಕ ಇಟ್ಟ ಒಬ್ಬ ಹೆಂಗಸಿನ ಬಗ್ಗೆ ಹೇಳಬೇಕು. ಅವಳು ನನ್ನ ಖಾಲಾ, ಅಮ್ಮಿಯ ಅಕ್ಕ. ಊರು ಆವನಿಯ ಬೆಟ್ಟ ಕಾಣುವಷ್ಟು ದೂರದ ಒಂದು ಹಳ್ಳಿ. ಹೆಸರು ಬೇಡ, ಈ ಕತೆಯಲ್ಲಿ ಬರುವವರು ಹಲವರು ಇನ್ನೂ ಬದುಕಿದ್ದಾರೆ.

2005ರ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ನಮ್ಮ ಕಡೆಯ ಸ್ಥಾನ ಮಹಿಳೆಗೆ ಮೀಸಲಾಯಿತು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನಿನಿಂದ ಮೂರು ಮಕ್ಕಳನ್ನು ಸಾಕಿದ ಖಾಲಾ ಎಲ್ಲರಿಗೂ ಬೇಕಾದವಳು. ಹಿಂದೂಗಳ ಮನೆಯ ಕುಪ್ಪಸವೂ ಅವಳೇ ಹೊಲಿಯುತ್ತಿದ್ದಳು. ಗೆದ್ದಳು. ಆದರೆ ಅವಳಿಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ಸಭೆಯ ನಡಾವಳಿ ಪುಸ್ತಕದಲ್ಲಿ ಪೆನ್ಸಿಲ್ಲಿನ ಗುರುತು ಹಾಕಿದ್ದ ಕಡೆ ಉರ್ದುವಿನಲ್ಲಿ ಸಹಿ ಮಾಡಿ, ಟೀ ಕುಡಿದು ಬರುತ್ತಿದ್ದಳು. ಮೇಲೆ ಏನು ಬರೆದಿದೆ ಎಂದು ಅವಳು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

2006ರ ಬೇಸಿಗೆಯಲ್ಲಿ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋಯಿತು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ ನಮ್ಮದು. ಕೆರೆ ತುಂಬಿದರೆ ಬದುಕು, ಇಲ್ಲದಿದ್ದರೆ ಕೊಳವೆ ಬಾವಿಯೇ ಗತಿ. ಹನ್ನೊಂದು ದಿನ ನೀರಿಲ್ಲ. ಹೆಂಗಸರು ಖಾಲಿ ಬಿಂದಿಗೆ ಹಿಡಿದು ಬಂದದ್ದು ಪಂಚಾಯತಿ ಕಛೇರಿಗಲ್ಲ, ಖಾಲಾಳ ಮನೆ ಬಾಗಿಲಿಗೆ. ಅವಳು ಕಛೇರಿಗೆ ಹೋದರೆ ಬಂದ ಉತ್ತರ, ‘ದುಡ್ಡಿಲ್ಲಮ್ಮ’. ಬೀದಿ ದೀಪದ, ಪಂಪಿನ ಕರೆಂಟು ಬಿಲ್ಲಿಗೇ ಅನುದಾನದ ದೊಡ್ಡ ಪಾಲು ಹೋಗುತ್ತದೆ, ಮನೆ ಕಂದಾಯ ಯಾರೂ ಕಟ್ಟುವುದಿಲ್ಲ ಎಂದರು.

ಆ ಸಂಜೆ ಅವಳು ಜಮಾ ಖರ್ಚಿನ ಪ್ರತಿ ತಂದು ನನ್ನ ಮುಂದೆ ಇಟ್ಟಳು. ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಓದತೊಡಗಿದೆ. ಜಮಾ, ಖರ್ಚು, ವಸೂಲಿ, ಬಾಕಿ, ರಸೀದಿ, ಮಂಜೂರು. ಖಾಲಾ ಮಿಷನ್ನಿನ ಚಕ್ರ ನಿಲ್ಲಿಸಿದಳು. ‘ಯೇ ಸಬ್ ಹಮಾರೀಚ್ ಬಾತಾಂ ಹೈ ನಾ ಬೇಟಾ?’ ಎಂದಳು. ಹೌದು, ಎಲ್ಲವೂ ನಮ್ಮದೇ ಮಾತು. ಒಂದು ವರ್ಷ ಅವಳು ಹೆದರಿದ್ದು ಅಕ್ಷರಕ್ಕೆ, ಲೆಕ್ಕಕ್ಕಲ್ಲ. ಯಾರು ಮುಂಗಡ ಕೊಟ್ಟರು, ಯಾರ ಬಾಕಿ ಎಷ್ಟು ಎಂದು ಹೊಲಿಗೆಯ ಲೆಕ್ಕವನ್ನು ಇಪ್ಪತ್ತು ವರ್ಷದಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವಳು ಅವಳು. ಅಂದಿನಿಂದ ಇನ್ನೊಂದು ನೋಟ್‌ಬುಕ್ ಶುರುವಾಯಿತು. ನಾನು ಕನ್ನಡದಲ್ಲಿ ಓದುತ್ತಿದ್ದೆ, ಅವಳು ಬಲದಿಂದ ಎಡಕ್ಕೆ ಪಂಚಾಯತಿಯ ಲೆಕ್ಕ ಬರೆಯುತ್ತಿದ್ದಳು.

ಮೂರನೆಯ ಪುಟದಲ್ಲೇ ಸಿಕ್ಕಿತು. ಒಂದೇ ಬೇಸಿಗೆಯಲ್ಲಿ ಮೋಟಾರು ರಿವೈಂಡಿಂಗ್ ಮೂರು ಸಲ. ನನಗೆ ರಕ್ತ ಕುದಿಯಿತು, ಕಳ್ಳ ಸಿಕ್ಕನೆಂದುಕೊಂಡೆ. ಖಾಲಾ ಮಾತ್ರ ಮರುದಿನ ಹೋಗಿ ಮೆಲ್ಲಗೆ ಕೇಳಿದಳು. ಕಾರ್ಯದರ್ಶಿಯ ಮೇಲೆ ಎರಡು ಪಂಚಾಯತಿಗಳ ಹೊರೆಯಿತ್ತು. ತಿಂಗಳುಗಟ್ಟಲೆ ಪುಸ್ತಕ ಬರೆದಿರಲಿಲ್ಲ. ಮೂರರಲ್ಲಿ ಎರಡು ಬಿಲ್ಲು ಬೇರೆ ಬೇರೆ ಹಳ್ಳಿಯ ಮೋಟಾರಿನವು. ಮೂರನೆಯದಕ್ಕೆ ವೋಚರ್ ಇಲ್ಲ, ಯಾವ ಮೋಟಾರೆಂದು ಹೇಳಲು ದಾಸ್ತಾನು ಪುಸ್ತಕವೂ ಇಲ್ಲ. ಕದ್ದರೋ ಮರೆತರೋ ತಿಳಿಯುವ ದಾರಿಯೇ ಇರಲಿಲ್ಲ. ಲೆಕ್ಕವಿಲ್ಲದ ಕಡೆ ಕಳ್ಳನೂ ಸಿಕ್ಕಿಬೀಳುವುದಿಲ್ಲ, ಪ್ರಾಮಾಣಿಕನಿಗೂ ತಾನು ಪ್ರಾಮಾಣಿಕನೆಂದು ತೋರಿಸಲು ಆಗುವುದಿಲ್ಲ. ಪಂಚಾಯತಿಯೆಂದರೆ ಭ್ರಷ್ಟಾಚಾರ ಎಂದು ಸಲೀಸಾಗಿ ಹೇಳುವ ನಾವು ಈ ಎರಡನೆಯ ಅನ್ಯಾಯವನ್ನು ಯೋಚಿಸುವುದೇ ಇಲ್ಲ.

ಆಮೇಲೆ ಬಂದದ್ದು ಕಂದಾಯ ಬಾಕಿದಾರರ ಪಟ್ಟಿ. ಅದರಲ್ಲಿ ನಮ್ಮ ಮನೆಯೂ ಇತ್ತು. ನಾಲ್ಕು ವರ್ಷದ ಬಾಕಿ. ಅಬ್ಬಾ ಸಿಟ್ಟಾದರು. ‘ನೀರೇ ಬರಲ್ಲ ಆಪಾ, ಕಂದಾಯ ಯಾಕೆ ಕಟ್ಟಬೇಕು?’ ಖಾಲಾ ಹೇಳಿದಳು, ‘ಭಾಯಿ, ಆವನಿ ಜಾತ್ರೆಯಲ್ಲಿ ಕೈಯಲ್ಲಿ ದುಡ್ಡು ಹಿಡಿದವನು ಎತ್ತಿನ ಬಾಯಿ ಬಿಡಿಸಿದರೆ ಯಾರೂ ಬೇಡ ಅನ್ನಲ್ಲ. ನೀವು ಕಟ್ಟಿ. ಆಮೇಲೆ ಪಂಚಾಯತಿಯ ಬಾಯಿ ಬಿಡಿಸಿ ಹಲ್ಲು ನೋಡಿ.’ ಅಬ್ಬಾ ಆ ವಾರವೇ ಕಟ್ಟಿದರು. ಆ ರಸೀದಿ ಹಿಡಿದು ಅವಳು ಬಿಲ್ ಕಲೆಕ್ಟರ್ ಜೊತೆ ಮನೆ ಮನೆಗೆ ಹೋದಳು. ಕೆಲವರು ಕಟ್ಟಿದರು, ಕೆಲವರು ಬೈದರು.

ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯತಿಗಳಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಲೆಕ್ಕವನ್ನು ಅಧಿಕಾರಿಯ ಎದುರು, ಜನರ ಎದುರು ಬಿಚ್ಚಿಡುವ ದಿನ ಅದು. ಬಂದವರು ಇಪ್ಪತ್ತು ಜನರೂ ಇರಲಿಲ್ಲ. ಖಾಲಾ ಸೆರಗು ಸರಿಮಾಡಿಕೊಂಡು ಎದ್ದು ಆ ಮೂರನೆಯ ಬಿಲ್ಲನ್ನು ಕೇಳಿದಳು. ಅದು ಆಕ್ಷೇಪಣೆಯಲ್ಲಿ ದಾಖಲಾಯಿತು, ದಾಸ್ತಾನು ಪುಸ್ತಕ ಶುರುವಾಯಿತು. ಅಷ್ಟೇ. ಯಾರೂ ಜೈಲಿಗೆ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮೋಟಾರು ಕೆಟ್ಟಾಗ ಮಾತ್ರ ಯಾವ ಮೋಟಾರು, ಎಲ್ಲಿದೆ, ರಿಪೇರಿಗೆ ಎಷ್ಟು ದುಡ್ಡಿದೆ ಎಂದು ಗೊತ್ತಿತ್ತು. ಮೂರನೆಯ ದಿನ ನೀರು ಬಂತು.

ತರಬೇತಿಗೆ ಅವಳು ತಾಲೂಕು ಕೇಂದ್ರಕ್ಕೆ ಹೋಗುತ್ತಿದ್ದಳು. ಟಿವಿಯಲ್ಲಿ ಮೈಸೂರಿನಿಂದ ಪಾಠ. ಪಾಠ ಮಾಡುತ್ತಿದ್ದ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬರ ಹೆಸರು. 1983ರ ಪಂಚಾಯತ್ ಕಾಯ್ದೆಯ ಹಿಂದಿದ್ದ ಮಂತ್ರಿ, ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರು ಸಾಬ’ ಅನ್ನಿಸಿಕೊಂಡವರು. 1987ರಲ್ಲಿ ಆ ಕಾಯ್ದೆಯಡಿ ಚುನಾವಣೆ ನಡೆದಾಗ ಹೆಂಗಸರಿಗೆ ಶೇಕಡ 25 ಸ್ಥಾನವಿತ್ತು. ಮರುವರ್ಷ ಅವರು ತೀರಿಕೊಂಡರು. ನೀರನ್ನೂ ಅಧಿಕಾರವನ್ನೂ ಹಳ್ಳಿಗೆ ಕೊಟ್ಟವರು ಅವರು. ಕೊಟ್ಟದ್ದನ್ನು ಲೆಕ್ಕವಿಟ್ಟು ಉಳಿಸಿಕೊಳ್ಳುವ ಕೆಲಸ ನಮ್ಮದು. ಮುಳಬಾಗಿಲಿನಲ್ಲೇ ಹುಟ್ಟಿದ ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಂಸ್ಥೆ ಕಟ್ಟಿದ್ದು ಕೂಡ ಸಾರ್ವಜನಿಕ ವ್ಯವಹಾರ ಜನಕ್ಕೆ ತಿಳಿಯಲೆಂದೇ.

2010ರಲ್ಲಿ ಮೀಸಲಾತಿ ಬದಲಾಯಿತು, ಖಾಲಾ ನಿಲ್ಲಲಿಲ್ಲ. ಐದು ವರ್ಷ ಕಲಿತದ್ದು ಅವಳ ಜೊತೆ ಮನೆಗೆ ಬಂತು. ಹೊಸದಾಗಿ ಗೆದ್ದವರು ಮತ್ತೆ ಪೆನ್ಸಿಲ್ ಗುರುತಿನ ಮುಂದೆ ಕುಳಿತರು. ನನ್ನನ್ನು ಇಂದಿಗೂ ಚುಚ್ಚುವುದು ಇದೇ. ಆಮೇಲೆ ಅಭಿವೃದ್ಧಿ ಅಧಿಕಾರಿಗಳು ಬಂದರು, ‘ಪಂಚತಂತ್ರ’ವೆಂಬ ಕಂಪ್ಯೂಟರ್ ಲೆಕ್ಕ ಬಂತು, ಕೇಂದ್ರ ಹಣಕಾಸು ಆಯೋಗದ ಹಣ ಪಂಚಾಯತಿಗೆ ಬಂತು. 2021ರಿಂದ ಅದರಲ್ಲಿ ಶೇಕಡ 60ನ್ನು ನೀರಿಗೂ ನೈರ್ಮಲ್ಯಕ್ಕೂ ಮೀಸಲಿಟ್ಟರು. ಎಲ್ಲವೂ ಒಳ್ಳೆಯದೇ. ಆದರೆ ಸದಸ್ಯರಿಗೆ ಓದಿ ಹೇಳುವವರಿಲ್ಲದಿದ್ದರೆ ಕಂಪ್ಯೂಟರಿನ ಹಾಳೆಯೂ ಇನ್ನೊಂದು ನಡಾವಳಿ ಪುಸ್ತಕವೇ. ನನ್ನ ಹಾಗೆ ನಾಲ್ಕು ಅಕ್ಷರ ಕಲಿತು ಕೆಲಸ ಹುಡುಕುತ್ತ ಕೂತ ಹುಡುಗ ಹುಡುಗಿಯರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಅವರು ಸಂಜೆ ಒಂದು ಗಂಟೆ ಓದಿ ಹೇಳಿದರೂ ಸಾಕು.

ಸರ್ಕಾರಿ ಕನ್ನಡದಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ದೂರ ಇಡುವುದು. ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಹಾಗೆ ಒಪ್ಪಿಸಿಕೊಂಡದ್ದನ್ನು ಪೈಸೆಪೈಸೆ ಹೇಳಿ ಹಿಂದಿರುಗಿಸಬೇಕೆಂದು ಖಾಲಾ ನಂಬಿದ್ದಳು. ಅವಳು ಹೋಗಿ ಕೆಲವು ವರ್ಷವಾಯಿತು. ನೋಟ್‌ಬುಕ್ ನನ್ನ ಬಳಿ ಇದೆ. ಪ್ರತಿ ವರ್ಷ ಕಂದಾಯ ಕಟ್ಟಿದ ರಸೀದಿಯನ್ನು ಅದರೊಳಗೆ ಇಡುತ್ತೇನೆ. ಕಳೆದ ವರ್ಷ ಜಮಾಬಂದಿಗೂ ಹೋಗಿದ್ದೆ. ಕುರ್ಚಿಗಳು ಬಹಳ ಖಾಲಿ ಇದ್ದವು.