ಬಾಲ್ಕನಿಯ ಹಸೆಗೋಡೆ

ಠಾಣೆಯಿಂದ ವಾಶಿ ಕಡೆ ಹೋಗುವ ಲೋಕಲ್ಲಿನಲ್ಲಿ ಐರೋಲಿ ದಾಟಿದರೆ ರಬಾಳೆ. ಪೂರ್ವಕ್ಕೆ ಎಂಐಡಿಸಿಯ ಕಾರ್ಖಾನೆಗಳು, ಅವುಗಳ ಹಿಂದೆ ಪಾರ್ಸಿಕ್ ಗುಡ್ಡ. ಪಶ್ಚಿಮಕ್ಕೆ ಕಾಂಡ್ಲಾ ಗಿಡಗಳ ಹಸಿರು, ಅದರಾಚೆ ಠಾಣೆ ಖಾಡಿ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಣೆಯಾದದ್ದು ಇದೇ ಖಾಡಿ. ಈ ಎರಡರ ನಡುವಿನ ಹಳೆಯ ಕಟ್ಟಡವೊಂದರಲ್ಲಿ ಸಾಗರ ತಾಲ್ಲೂಕಿನ ಹುಡುಗನೊಬ್ಬ ಸಾಲ ಮಾಡಿ ಒನ್ ಬಿಎಚ್‌ಕೆ ಕೊಂಡ. ಮೇ ತಿಂಗಳಲ್ಲಿ ಅವನ ಮದುವೆ.

ಇಂಟೀರಿಯರ್‌ನವನು ಹಾಲ್‌ಗೆ ‘ನೇಚರ್ ಥೀಮ್’ ಮಾಡಿಕೊಟ್ಟ. ಒಂದು ಗೋಡೆಗೆ ಬಾಳೆ ಎಲೆಯ ವಾಲ್‌ಪೇಪರ್, ನೆಲಕ್ಕೆ ಮರದ ಗೆರೆ ಅಚ್ಚಾದ ಟೈಲ್ಸ್, ಟಿವಿಯ ಮೇಲೆ ಒಣಗದ ಬಳ್ಳಿ. ನೋಡಲು ಚೆನ್ನಾಗಿಯೇ ಇತ್ತು. ಹನ್ನೆರಡು ತಾಸು ಕೆಲಸ ಮಾಡಿ ಬರುವವನಿಗೆ ನೀರು ಕೇಳದ ಬಳ್ಳಿಯೂ ಒಂದು ಉಪಕಾರವೇ. ಏಪ್ರಿಲ್‌ನಲ್ಲಿ ಊರಿಂದ ಬಂದ ಅಮ್ಮ ಎಲ್ಲವನ್ನೂ ಸುತ್ತಿ ನೋಡಿ ಕೇಳಿದ್ದು ಒಂದೇ ಮಾತು: “ಹಸೆ ಎಲ್ಲಿ ಬರೆಯೋದು ಮಗಾ?”

ಮಲೆನಾಡಿನ ದೀವರ ಮನೆಗಳಲ್ಲಿ ಮದುವೆಯೆಂದರೆ ಹಸೆಗೋಡೆ ಚಿತ್ತಾರ ಆಗಬೇಕು. ಅದನ್ನು ಬಿಡಿಸುವುದಿಲ್ಲ, ಬರೆಯುತ್ತಾರೆ. ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿಯನ್ನೇ ಕರಕಲಾಗುವಂತೆ ಹುರಿದು ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಚಿತ್ತಾರದೊಳಗೆ ಕಣ್ಣಿಗೆ ಕಂಡ ಹಾಗೆ ಬರೆದ ಎಲೆ, ಹೂವು ಕಡಿಮೆ; ನಿಲಿ, ಜೋಗಿ ಜಡೆ ಎಂದು ಹೆಸರಿರುವ ಗೆರೆಗಳ ಲೆಕ್ಕವೇ ಹೆಚ್ಚು. ಊರು ಕಾಡು ಅಲ್ಲಿ ಇರುವುದು ಚಿತ್ರದಲ್ಲಲ್ಲ, ಬಟ್ಟಲಿನಲ್ಲಿ. ಮಣ್ಣು ಯಾವ ದರೆಯದು, ಗುರಿಗೆ ಕಾಯಿ ಯಾವಾಗ ಸಿಗುತ್ತದೆ, ನಾರು ಎಷ್ಟು ದಿನ ನೆನೆಯಬೇಕು ಎಂಬುದು ಗೊತ್ತಿಲ್ಲದವರಿಗೆ ಚಿತ್ತಾರವೂ ಬರುವುದಿಲ್ಲ.

ಅಮ್ಮ ಎಲ್ಲವನ್ನೂ ಕಟ್ಟಿಕೊಂಡೇ ಬಂದಿದ್ದರು, ಹಾರ್ಲಿಕ್ಸ್ ಡಬ್ಬಿಯಲ್ಲಿ ಕೆಮ್ಮಣ್ಣು ಸಹಿತ. “ಅಮ್ಮಾ, ಪೇಂಟಿಗೇ ನಲವತ್ತು ಸಾವಿರ ಆಗಿದೆ” ಎಂದ ಮಗ. ಅವನು ಕೆಲಸಕ್ಕೆ ಹೋದಾಗ ಅವರು ಬೆಡ್‌ರೂಮಿನ ಬಾಗಿಲ ಹಿಂದೆ ಒಂದು ಮೊಳ ಜಾಗಕ್ಕೆ ಬಳಿದು ನೋಡಿದರು. ಸಂಜೆಯೊಳಗೆ ಮಣ್ಣು ಒಣಗಿ, ಬಿರಿದು, ಹಪ್ಪಳದಂತೆ ಎದ್ದು ಉದುರಿತು. ಮಣ್ಣಿನ ಗೋಡೆ ನೀರು ಕುಡಿಯುತ್ತದೆ, ಪ್ಲಾಸ್ಟಿಕ್ ಎಮಲ್ಷನ್ ಕುಡಿಯುವುದಿಲ್ಲ. ಅವರು ಗುಡಿಸಿ ಒರೆಸಿ ಸುಮ್ಮನಾದರು. ರಾತ್ರಿ ಊಟ ಸೇರಲಿಲ್ಲ. ಬಾಗಿಲ ಹಿಂದಿನ ಕೆಂಪು ಕಲೆ ನೋಡಿದ ಮಗನೂ ಏನೂ ಕೇಳಲಿಲ್ಲ.

ಮರುದಿನ ಅವನೇ ಜಾಗ ತೋರಿಸಿದ. ಸೋರಿಕೆಗೆಂದು ಒಡೆದು ಗಾರೆ ಹಾಕಿಸಿದ್ದ ಬಾಲ್ಕನಿ ಗೋಡೆಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ. ಒರಟು ಸಿಮೆಂಟು ಮಣ್ಣನ್ನು ಹಿಡಿದುಕೊಂಡಿತು. ಚಿತ್ತಾರ ಬರೆಯುವಾಗ ಹಾಡು ಹೇಳುವವರು ಬೇಕು. ಊರಿನ ತಂಗಿ ಫೋನಿನ ಸ್ಪೀಕರ್‌ನಲ್ಲಿ ಹಾಡಿದಳು, ನಡುನಡುವೆ ಸಿಗ್ನಲ್ ಹೋಗುತ್ತಿತ್ತು.

ಎದುರು ಮನೆಯ ಡಹಾಣೂ ಕಡೆಯ ಹೆಂಗಸು ಇಣುಕಿ, “ಅರೆ, ವಾರ್ಲಿ!” ಎಂದರು. ಅಲ್ಲ. ಆದರೆ ತಪ್ಪೆಂದೂ ಹೇಳುವಂತಿಲ್ಲ. ವಾರ್ಲಿಗಳಲ್ಲೂ ಮದುವೆಗೆ ಮುತ್ತೈದೆಯರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಚೌಕ ಹಾಕುತ್ತಾರೆ. ಆ ಹೆಂಗಸೂ ‘ಲಿಹಿಣೆ’ ಎಂದೇ ಹೇಳಿದರು, ಮರಾಠಿಯಲ್ಲಿ ಬರೆಯುವುದು ಎಂದರ್ಥ. ಅಮ್ಮನಿಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು; ಅಕ್ಕಿ ಇನ್ನೂ ನುಣ್ಣಗಾಗಬೇಕು ಎಂದು ಇಬ್ಬರೂ ಬೆರಳಲ್ಲೇ ತೋರಿಸಿಕೊಂಡರು. ಮರುದಿನ ಆಕೆಯ ಮಿಕ್ಸಿಯಲ್ಲಿ ಅಕ್ಕಿ ಅರೆಯಲಾಯಿತು.

ಹಸೆಗೆ ಕೂರಲು ಬಾಲ್ಕನಿಯಲ್ಲಿ ಜಾಗವೆಲ್ಲಿ? ಗಾಜಿನ ಬಾಗಿಲು ಸರಿಸಿ, ಮದುಮಕ್ಕಳನ್ನು ಹೊಸ್ತಿಲ ಹತ್ತಿರ ಕೂರಿಸಿದರು. ಬೆನ್ನಿಗೆ ಚಿತ್ತಾರ, ಎದುರಿಗೆ ಬಾಳೆ ಎಲೆಯ ವಾಲ್‌ಪೇಪರ್. ಫೋಟೋಗಳಲ್ಲಿ ಎರಡೂ ಬಂದಿವೆ.

ಜೂನ್‌ನಲ್ಲಿ ಖಾಡಿಯ ಕಡೆಯಿಂದ ಮಳೆ ನೇರ ಬಾಲ್ಕನಿಗೆ ಹೊಡೆಯಿತು. ಎರಡು ವಾರಕ್ಕೆ ಅರ್ಧ ಚಿತ್ತಾರ ಇಳಿದು ನೆಲವೆಲ್ಲ ಕೆಂಪು. ಸೊಸೆ ಗಾಬರಿಯಿಂದ ಪ್ಲಾಸ್ಟಿಕ್ ಹಾಳೆ ಕಟ್ಟಲೇ ಎಂದು ಫೋನ್ ಮಾಡಿದಳು.

“ಬ್ಯಾಡ ಮಗಾ, ಹೋಗ್ಲಿ,” ಎಂದರು ಅಮ್ಮ. “ದೀಪಾವಳಿಗೆ ಬರ್ತೀನಿ. ಪುಂಡಿ ನಾರು ನೆನೆ ಹಾಕಿದೀನಿ. ನೀನು ಆ ಎದುರುಮನೆಯೋರ ಹತ್ರ ಚೂರು ಗೆರೆ ಎಳೆಯೋದು ಕಲಿತಿರು.”